ಮನೆ ನೋಡದೆ ಜಮಖಾನೆ ಕೊಡದ ಮರಿಯಮಬಿ

ನಾನು ನಿವೃತ್ತನಾದ ವರ್ಷ ನವಲಗುಂದದಲ್ಲಿ ಸಣ್ಣದೊಂದು ಮನೆ ಕಟ್ಟಿಸಿದೆವು. ಪಡಸಾಲೆಗೆ ಜಮಖಾನೆ ಕೊಳ್ಳಬೇಕೆಂದು ಮರಿಯಮಬಿಯವರ ಮನೆಯನ್ನು ಹುಡುಕಿಕೊಂಡು ಹೋದ ದಿನ ನನ್ನ ಅಂಗಿಯ ಕಿಸೆಯಲ್ಲಿ ಒಂದು ಚೀಟಿ ಇತ್ತು. ಪಡಸಾಲೆಯ ಉದ್ದ, ಅಗಲ, ಬಾಗಿಲಿನ ದಿಕ್ಕು, ಕಿಟಕಿಯ ದಿಕ್ಕು ಎಲ್ಲವನ್ನೂ ಬರೆದುಕೊಂಡಿದ್ದೆ. ಜೀವಮಾನವೆಲ್ಲ ಮಕ್ಕಳಿಗೆ ಕ್ಷೇತ್ರಫಲ ಕಲಿಸಿದವನು ಇಷ್ಟೂ ಮಾಡದಿದ್ದರೆ ಹೇಗೆ?

ಅವರು ನಿಲುವು ಮಗ್ಗದ ಮುಂದೆ ಹಲಗೆಯ ಮೇಲೆ ಕುಳಿತು, ಕಬ್ಬಿಣದ ಪಂಜಾದಿಂದ ನೂಲನ್ನು ಕೆಳಗೆ ಬಡಿದು ಕೂಡಿಸುತ್ತಿದ್ದರು. ನನ್ನ ಕಡೆಗೆ ಬೆನ್ನು. ತಿರುಗಿ ಕೂಡ ನೋಡಲಿಲ್ಲ.

"ಯಾರ್ರಿ?"

"ಜಮಖಾನಿ ಬೇಕಾಗಿತ್ರಿ. ಕೆಂಪು ಬಣ್ಣದ್ದು. ಅಳತಿ ಬರಕೊಂಡ ಬಂದೀನಿ."

"ಅಳತಿ ಕಿಸೇದಾಗ ಇರ್ಲಿ. ಮನಿ ಎಲ್ಲೈತ್ರಿ?"

"ಇಲ್ಲೇ, ಹಿಂದಿನ ಓಣ್ಯಾಗ."

"ಹಂಗಾದ್ರ ನಾಳೆ ಬರ್ತೀನಿ. ಮನೀ ನೋಡದ ನಾ ಜಮಖಾನಿ ಕೊಡಂಗಿಲ್ಲ."

ಮರುದಿನ ಹೇಳಿದ ಹೊತ್ತಿಗೆ ಬಂದರು. ಅರವತ್ತರ ಆಸುಪಾಸಿನ ದಪ್ಪನೆಯ ಹೆಂಗಸು. ಕನ್ನಡಕದ ಒಂದು ಕಡ್ಡಿಗೆ ನೂಲು ಸುತ್ತಿತ್ತು. ಬಂದವರು ಬಾಗಿಲಲ್ಲಿ ನಿಂತು ನೋಡಿ ಹೋಗಲಿಲ್ಲ. ಪಡಸಾಲೆಯ ಒಂದೊಂದು ಮೂಲೆಯಲ್ಲಿಯೂ ಕುಳಿತು ನೋಡಿದರು. ಆಮೇಲೆ ನಡುವೆ ಕೈಕಾಲು ಚಾಚಿ ಮಲಗಿ ಮಾಳಿಗೆಯನ್ನು ನೋಡಿದರು. ಎದ್ದು ಕುಳಿತು ನನ್ನ ಹೆಂಡತಿಯನ್ನು ಕೇಳಿದರು: "ಅಕ್ಕಾರ, ಸರಗ ಎಲಿ ಅಡಕಿ ರೂಢಿ ಐತೇನ್ರಿ?"

"ಐತ್ರಿ. ಉಗುಳೂದು ಹೊರಗ. ಆದ್ರ ಹೊರಗ ಹೋಗೂದ್ರಾಗ ಅರ್ಧಾ ಒಳಗ."

"ಹಂಗಾದ್ರ ಕೆಂಪ ಛಲೋ," ಎಂದರು ಮರಿಯಮಬಿ. ನನ್ನ ಬಣ್ಣವೇನೋ ಒಪ್ಪಿಗೆಯಾಯಿತು, ಆದರೆ ನಾನು ಆರಿಸಿದ ಕಾರಣಕ್ಕಲ್ಲ.

ಇದ್ದವರು ನಾವಿಬ್ಬರು, ಸಣ್ಣದು ಸಾಕೆಂದು ನಾನು ಹೇಳಿದೆ. ಅವರು ನನ್ನ ಹೆಂಡತಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಇದು ಇಬ್ಬರ ಇರೂ ಮನಿ ಅಲ್ರಿ," ಎಂದು ತೀರ್ಮಾನಿಸಿ, ಮದುವೆಯ ಪಂಕ್ತಿಗೆ ಹಾಸುವಂಥ ದೊಡ್ಡ ಜಮಖಾನೆಯನ್ನು ನೇಯ್ದು ಕೊಟ್ಟರು. ಅಂದಿನಿಂದ ಸುತ್ತಲಿನ ಓಣಿಗಳ ಹೆಂಗಸರೆಲ್ಲರೂ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿಯೇ ಇರುತ್ತಾರೆ. ಮನೆ ನೋಡಿ ಜಮಖಾನೆ ಕೊಟ್ಟರೋ, ಜಮಖಾನೆ ಕೊಟ್ಟು ಮನೆಯನ್ನೇ ಬದಲಾಯಿಸಿದರೋ, ನನಗೆ ಇನ್ನೂ ತಿಳಿದಿಲ್ಲ. ನಾನು ಪೇಪರು ಓದುವುದು ಈಗ ಅಡುಗೆಮನೆಯಲ್ಲಿ.

ಹೀಗೆ ಅವರ ಪರಿಚಯವಾಯಿತು. ಮುಂದೆ ಅವರು ಬೇರೆಯವರ ಮನೆ ನೋಡಲು ಹೋಗುವಾಗ ನನ್ನ ಹೆಂಡತಿಯನ್ನೂ ಕರೆದುಕೊಂಡು ಹೋಗತೊಡಗಿದರು. ಸಂಜೆ ನನಗೆ ಎಲ್ಲ ವರದಿಯೂ ಬರುತ್ತಿತ್ತು. ಎರೆಮಣ್ಣಿನ ಹೊಲದಿಂದ ನೇರವಾಗಿ ಪಡಸಾಲೆಗೆ ಬರುವ ಗಂಡಸರಿರುವ ಮನೆಗೆ ಬಿಳಿಯ ನೆಲದ ಜಮಖಾನೆ ಕೊಡುತ್ತಿರಲಿಲ್ಲ. ಸಂಜೆಯ ಬಿಸಿಲು ನೆಟ್ಟಗೆ ಬೀಳುವ ಕೋಣೆಗೆ ಗಾಢವಾದ ನೀಲಿ ಕೊಡುತ್ತಿರಲಿಲ್ಲ, ಎರಡು ಬೇಸಿಗೆಯಲ್ಲಿ ಹಳೆಯ ಸ್ಲೇಟುಪಾಟಿಯ ಬಣ್ಣಕ್ಕೆ ತಿರುಗುತ್ತದೆಂದು. ಅತ್ತೆ ಸೊಸೆ ಮಾತು ಬಿಟ್ಟ ಮನೆಗೆ ನಡುವೆ ಪಗಡೆಯ ಹಾಸು ಇರುವ ಜಮಖಾನೆ ಕೊಟ್ಟಿದ್ದರು. ಅವರಿಬ್ಬರೂ ಈಗ ಮಾತಾಡುತ್ತಾರೆ, ಆದರೆ ಆಟದಲ್ಲಿ ಮೋಸ ಮಾಡಿದೆಯೆಂದು ಜಗಳಾಡಲು ಮಾತ್ರ.

ತಪ್ಪು ಮಾಡುತ್ತಿರಲಿಲ್ಲವೆಂದಲ್ಲ. ಮಕ್ಕಳ ಗಲಾಟೆಯಿಲ್ಲದ ಒಂದು ಮನೆಗೆ ಹಾಲಿನಂಥ ಬಿಳಿಯ ಜಮಖಾನೆ ಕೊಟ್ಟರು. ಮರುವಾರವೇ ಆ ಮನೆಯ ಮಗಳು ಹೆರಿಗೆಗೆಂದು ತವರಿಗೆ ಬಂದು ಅವಳಿ ಮಕ್ಕಳನ್ನು ಹೆತ್ತಳು. ಮನೆಯವರು ಬೈದಾಗ ಮರಿಯಮಬಿ ಅಂದದ್ದು ಇಷ್ಟೇ: "ಮನೀ ನೋಡೀನ್ರಿ, ಮಗಳ ಹೊಟ್ಟಿ ನೋಡಿದ್ದಿಲ್ಲ."

ಇಂಥವರ ಸ್ವಂತ ಮನೆಯಲ್ಲಿ ಹಾಸುವಂಥ ಒಂದೂ ಜಮಖಾನೆ ಇರಲಿಲ್ಲ. ನೇಯ್ದದ್ದೆಲ್ಲ ಮಗ್ಗದಿಂದ ಇಳಿದ ಕೂಡಲೇ ಯಾರದೋ ಮನೆಗೆ ಹೋಗುತ್ತಿತ್ತು. ಗಂಡ ದಾವೂದಸಾಬರು ಮಲಗುತ್ತಿದ್ದುದು ಹುಬ್ಬಳ್ಳಿಯ ಪೇಟೆಯಿಂದ ತಂದ ಪ್ಲಾಸ್ಟಿಕ್ ಚಾಪೆಯ ಮೇಲೆ. ಈ ಸಂಗತಿ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ, ಅವರ ಮಗಳು ರೂಬಿನಾಳನ್ನು ನೋಡಲು ಕುಂದಗೋಳದವರು ಬರುವವರೆಗೆ.

ರೂಬಿನಾ ಇಲ್ಲಿಯ ಒಂದು ದವಾಖಾನೆಯಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಿದ್ದಳು. ಹುಡುಗ ಅಕೀಲ್, ಕುಂದಗೋಳದಲ್ಲಿ ಕರೆಂಟಿನ ಸಾಮಾನುಗಳ ಅಂಗಡಿ ಇಟ್ಟವನು. ರೂಬಿನಾಳ ಸೋದರತ್ತೆಯ ಮಗಳ ಮದುವೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮೆಚ್ಚಿದ್ದರು. ಇದನ್ನು ರೂಬಿನಾ ತಾಯಿಗೆ ಹೇಳುವ ಮೊದಲು ನನ್ನ ಹೆಂಡತಿಗೆ ಹೇಳಿದ್ದಳು. "ಅಕ್ಕಾರ, ಆದ್ರ ಅವ್ರನ್ನ, ಇಲ್ಲಂದ್ರ ಸದ್ಯಕ್ಕ ಯಾರೂ ಬ್ಯಾಡ," ಎಂದಿದ್ದಳಂತೆ. ತೊಡಕು ಹುಡುಗನ ತಾಯಿ ಶಮೀಮಾಬಿಯವರದು. ಅವರು ಆಗಲೇ ಎರಡು ಮನೆ ನೋಡಿ ಬೇಡವೆಂದು ಬಂದಿದ್ದರು. ಒಂದು ಮನೆಯಲ್ಲಿ ಚಹಾ ತಣ್ಣಗಿತ್ತು, ಇನ್ನೊಂದರಲ್ಲಿ ಬೀಗರೇ ಬಿಸಿ ಇದ್ದರು.

ಅವರು ಬರುವ ದಿನ ಮುಂಜಾನೆಯಿಂದಲೇ ಮರಿಯಮಬಿಗೆ ದಿಕ್ಕು ತೋಚದಂತಾಯಿತು. ಊರಿಗೆಲ್ಲ ಜಮಖಾನೆ ಆರಿಸಿಕೊಟ್ಟವರು ತಮ್ಮ ಪಡಸಾಲೆಗೆ ಏನು ಹಾಸಬೇಕೆಂದು ತಿಳಿಯದೆ ಒಂದನ್ನು ಹಾಸುವುದು, ಇನ್ನೊಂದನ್ನು ಸುತ್ತುವುದು ನಡೆಸಿದ್ದರು. ಪ್ಲಾಸ್ಟಿಕ್ ಚಾಪೆ ಹಾಸಿದರೆ ನೇಕಾರರ ಮನೆಯ ಮರ್ಯಾದೆ ಉಳಿಯದು. ಅಟ್ಟದ ಮೇಲಿನ ಹಳೆಯ ಜಮಖಾನೆಗೆ ನಟ್ಟನಡುವೆ ತೂತು. ನಮ್ಮ ಮನೆಯ ಕೆಂಪು ಜಮಖಾನೆಯನ್ನು ಕೇಳಲು ಓಡಿ ಬಂದರು. ನನ್ನ ಹೆಂಡತಿ ಅದನ್ನು ಹಿಂದಿನ ದಿನವೇ ತೊಳೆದು ಗೋಡೆಯ ಮೇಲೆ ಹಾಕಿದ್ದಳು, ಇನ್ನೂ ನೀರು ಸೋರುತ್ತಿತ್ತು.

ಕೊನೆಗೆ ಉಳಿದದ್ದು ಒಂದೇ. ತಿರ್ಲಾಪುರದ ನೀಲಕ್ಕನೆಂಬ ರೈತಗಿತ್ತಿ ಹೇಳಿ ನೇಯಿಸಿದ್ದ ಹೊಸ ಜಮಖಾನೆ. ಅರಿಶಿನ ಬಣ್ಣದ ನೆಲ, ನಾಲ್ಕು ಮೂಲೆಗೆ ನಾಲ್ಕು ನವಿಲು. ನೀಲಕ್ಕ ಒಯ್ಯಲು ಬರುವುದು ಮರುದಿನ.

"ಒಂದ ತಾಸಿನ ಮಾತು," ಎಂದು ಮರಿಯಮಬಿ ತಮಗೆ ತಾವೇ ಹೇಳಿಕೊಂಡು ಅದನ್ನು ಹಾಸಿಬಿಟ್ಟರು. ಪಡಸಾಲೆ ಬೆಳಗಿತು. ನೆರೆಯವರೆಂದು ನಮ್ಮಿಬ್ಬರನ್ನೂ ಕರೆದಿದ್ದರು. ನಾವು ಹೋಗಿ ನಿಂತಿದ್ದೆವು. ಅಷ್ಟರಲ್ಲಿ ಸಂಬಂಧ ತಂದ ಹೆಂಗಸಿನ ಫೋನು ಬಂತು. ಹುಡುಗನ ಅಜ್ಜ ರಹಿಮಾನಸಾಬರೂ ಬರುತ್ತಿದ್ದಾರಂತೆ. ಅಗದಿ ಶಿಸ್ತಿನ ಮನುಷ್ಯ. ಮನೆಯಲ್ಲಿ ಗೊಂಬೆ, ಪ್ರಾಣಿ, ಪಕ್ಷಿಯ ಚಿತ್ರ ಕಂಡರೆ ಆಗದು, ಕ್ಯಾಲೆಂಡರಿನ ಗಿಳಿಯ ಮೇಲೆ ಬಿಳಿಯ ಕಾಗದ ಅಂಟಿಸಿದವರಂತೆ.

ಮರಿಯಮಬಿ ಫೋನು ಇಟ್ಟು ನವಿಲುಗಳನ್ನು ನೋಡಿದರು. ಓಣಿಯ ತುದಿಯಲ್ಲಿ ಆಟೋ ನಿಂತ ಸದ್ದಾಯಿತು.

"ತಿರುವಿ ಹಾಕಬೇ," ಎಂದರು ದಾವೂದಸಾಬರು.

"ಇಷ್ಟ ವರ್ಷ ಜಮಖಾನಿ ನೇಯೂ ಹೆಂಗಸಿನ ಸಂಗಾಟ ಬಾಳೇ ಮಾಡೀರಿ," ಎಂದು ಮರಿಯಮಬಿ ಸಿಟ್ಟಿನಿಂದ ಅಂದರು, "ಜಮಖಾನಿಗೆ ಎರಡೂ ಮಗ್ಗಲ ಒಂದಽ ಅನ್ನೂದು ಇನ್ನೂ ಗೊತ್ತಾಗಿಲ್ಲ. ತಿರುವಿದ್ರ ನವಿಲ ಆ ಕಡೆ ಮಾರಿ ಮಾಡ್ತಾವ, ಅಷ್ಟ!"

ಆಮೇಲೆ ಅವರಿಗೆ ಹೊಳೆದ ಉಪಾಯವನ್ನು ಉಪಾಯವೆನ್ನಬೇಕೋ ಬೇರೇನೆನ್ನಬೇಕೋ. "ಸರ, ನೀವು ಈ ಮೂಲ್ಯಾಗ. ಅಕ್ಕಾರ, ನೀವು ಆ ಮೂಲ್ಯಾಗ. ನೀವು ಅಲ್ಲೆ ಕುಂದರ್ರಿ," ಎಂದು ಗಂಡನಿಗೂ ಹೇಳಿ, ನಾಲ್ಕನೆಯ ನವಿಲಿನ ಮೇಲೆ ತಾವು ಕುಳಿತರು. "ಏನ ಆಗ್ಲಿ, ಯಾರೂ ಏಳಬ್ಯಾಡ್ರಿ."

ಚಕ್ಕಳಮಕ್ಕಳ ಹಾಕಿ ಕುಳಿತರೆ ಒಬ್ಬರ ಅಡಿಗೆ ಒಂದು ನವಿಲು ಸರಿಯಾಗಿ ಮುಚ್ಚಿಹೋಗುತ್ತಿತ್ತು. ನನ್ನದರ ಬಾಲ ಮಾತ್ರ ತುಸು ಹೊರಗೆ ಬರುತ್ತಿತ್ತು. ಅದರ ಮೇಲೆ ಪಂಚೆಯನ್ನು ಹರವಿಕೊಂಡೆ.

ಬೀಗರು ಒಳಗೆ ಬಂದರು. ಶಮೀಮಾಬಿ ಎತ್ತರದ, ಚುರುಕು ಕಣ್ಣಿನ ಹೆಂಗಸು. ರಹಿಮಾನಸಾಬರು ಕೋಲು ಹಿಡಿದ, ಬೆಳ್ಳಗೆ ಗಡ್ಡದ ಹಿರಿಯರು. ಬಂದವರನ್ನು ಎದ್ದು ಬರಮಾಡಿಕೊಳ್ಳುವುದು ಎಲ್ಲ ಮನೆಯ ಪದ್ಧತಿ. ನಾವು ನಾಲ್ವರೂ ಕುಳಿತಲ್ಲಿಂದಲೇ ಕೈಯೆತ್ತಿದೆವು. "ಬರ್ರಿ, ಬರ್ರಿ, ಹಿಂಗ ಬರ್ರಿ," ಎಂದು ದಾವೂದಸಾಬರು ಕೂತುಕೊಂಡೇ ಬಾಗಿಲಿನವರೆಗೂ ಕೈ ಚಾಚಿದರು. ಕುರ್ಚಿ ಬೇಡವೆಂದು ಅಜ್ಜನವರು ನಡುವಿನಲ್ಲಿ ಕುಳಿತರು. ನಮ್ಮ ಸಲುವಾಗಿ ಅವರೆಲ್ಲ ಉರ್ದು ಬಿಟ್ಟು ಕನ್ನಡದಲ್ಲಿ ಮಾತಾಡುತ್ತಿದ್ದರು.

ನೀರು ತಂದವಳು ರೂಬಿನಾ. ಶಿರಾ ತಂದವಳು ರೂಬಿನಾ. ಚಹಾ ತಂದವಳೂ ಅವಳೇ. ಕೆಳತುಟಿಯನ್ನು ಕಚ್ಚಿ ನಗು ತಡೆದುಕೊಂಡಿದ್ದಳು. ಶಮೀಮಾಬಿ ಒಂದು ಸಲ ನಮ್ಮೆಲ್ಲರ ಮೇಲೆ ಕಣ್ಣಾಡಿಸಿದರು.

"ಈ ಮನ್ಯಾಗ ಹುಡುಗಿ ಬಿಟ್ರ ಮತ್ಯಾರೂ ಏಳೂದಿಲ್ಲೇನ್ರಿ?"

"ಮಳಕಾಲ ನೋವ್ರಿ ಆಪಾ," ಎಂದರು ಮರಿಯಮಬಿ.

"ನಾಕೂ ಮಂದಿಗೆ?"

"ನೀರಿಂದರಿ. ಈ ಓಣಿ ನೀರ ಅಂಥಾದ್ದು," ಎಂದು ನನ್ನ ಹೆಂಡತಿ ತನ್ನ ಪಾಲಿನದನ್ನು ಸೇರಿಸಿದಳು.

ಮಾತು ಒಂದು ಹದಕ್ಕೆ ಬರುವಷ್ಟರಲ್ಲಿ ಹೊರಗಿನಿಂದ ಗಟ್ಟಿ ದನಿ ಕೇಳಿಸಿತು. "ಮರಿಯಮಕ್ಕಾ! ಇವತ್ತ ಪ್ಯಾಟಿಗೆ ಬಂದಿದ್ದೆ. ನನ್ನ ಜಮಖಾನಿ ಆತೇನು?"

ನೀಲಕ್ಕ. ಬಾಗಿಲಲ್ಲಿ ನಿಂತವಳೇ ತನ್ನ ಜಮಖಾನೆಯನ್ನೂ, ಅದರ ಮೇಲೆ ಕುಳಿತ ಮಂದಿಯನ್ನೂ, ಕಣ್ಣಿನಲ್ಲಿಯೇ ಕೈಮುಗಿಯುತ್ತಿದ್ದ ಮರಿಯಮಬಿಯನ್ನೂ ನೋಡಿದಳು. ಕ್ಷಣಮಾತ್ರದಲ್ಲಿ ಅವಳಿಗೆ ಎಲ್ಲವೂ ತಿಳಿಯಿತು. ಚಪ್ಪಲಿ ಬಿಟ್ಟು ಒಳಗೆ ಬಂದು ಸಾವಕಾಶವಾಗಿ ಕುಳಿತಳು. ಅಂಗೈಯಿಂದ ಜಮಖಾನೆಯನ್ನು ಸವರಿದಳು.

"ಅಗದಿ ಛಲೋ ಬಂದೈತಲ್ಲಬೇ. ಯಾರದಿದು?"

ಮರಿಯಮಬಿಯ ಹಣೆಯಲ್ಲಿ ಬೆವರು. "ಒಬ್ಬರು... ಒಬ್ಬರು ಹೇಳಿ ನೇಯಿಸ್ಯಾರ."

"ಪುಣ್ಯವಂತ್ರು. ಮೂಲ್ಯಾಗ ಏನ ಚಿತ್ರ ತಗದೀದಿ?"

"ಚಹಾ ಕುಡೀ ನೀಲಕ್ಕಾ, ಆರತೈತಿ!"

ಅಷ್ಟರಲ್ಲಿ ಮಸೀದಿಯಿಂದ ಅಜಾನ್ ಕೇಳಿಸಿತು. ರಹಿಮಾನಸಾಬರು ಕೋಲೂರಿ ಎದ್ದರು. ಅಂಥ ಹಿರಿಯರು ಎದ್ದರೆ ಕುಳಿತಿರುವುದು ನಮ್ಮ ಕಡೆಯವರಿಗೆ ಸಾಧ್ಯವೇ ಇಲ್ಲ. ಯಾರೂ ವಿಚಾರ ಮಾಡಲಿಲ್ಲ. ಪಡಸಾಲೆಯವರೆಲ್ಲರೂ ಒಮ್ಮೆಲೇ ಎದ್ದು ನಿಂತರು. ನಾನೊಬ್ಬ ಉಳಿದೆ, ಕಾಲು ಜೋಮು ಹಿಡಿದಿತ್ತು.

ಮೂರು ಮೂಲೆಗಳಿಂದ ಮೂರು ನವಿಲುಗಳು ಅಜ್ಜನವರನ್ನು ನೋಡಿದವು. ಅಜ್ಜನವರು ಅವನ್ನು ನೋಡಿದರು. ಆಮೇಲೆ ನನ್ನ ಕಡೆಗೆ ತಿರುಗಿದರು.

"ಮಾಸ್ತರ್ರ, ಮೂರು ಕಂಡ ಮ್ಯಾಲೆ ನಾಕನೇದ್ದು ಯಾಕ ಮುಚ್ಚೀರಿ? ತೋರಸ್ರಿ."

ನಾನು ಕೈಯೂರಿ ಪಕ್ಕಕ್ಕೆ ಸರಿದೆ. ಮರಿಯಮಬಿ ತಡೆಯದೆ ಇದ್ದದ್ದನ್ನೆಲ್ಲ ಹೇಳಿಬಿಟ್ಟರು: ಫೋನು ಬಂದದ್ದು, ಕ್ಯಾಲೆಂಡರಿನ ಗಿಳಿಯ ಕತೆ, ಮೂಲೆಮೂಲೆಗೆ ಮಂದಿಯನ್ನು ಕೂಡಿಸಿದ್ದು. ಅಜ್ಜನವರ ಗಡ್ಡ ಅಲುಗಾಡತೊಡಗಿತು. ನಗುತ್ತಿದ್ದಾರೆಂದು ನಮಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಆ ಕ್ಯಾಲೆಂಡರ್ ನಾ ನಮಾಜ ಮಾಡೂ ಕಡೆ ಗ್ವಾಡಿಗೆ ಇತ್ತವಾ. ಅದಕ್ಕ ಮುಚ್ಚಿದೆ. ನೆಲದ ಮ್ಯಾಲೆ ಕಾಲಾಗ ತುಳಿಯೂ ಚಿತ್ರಕ್ಕ ನನ್ನ ತಕರಾರಿಲ್ಲ," ಎಂದು ದಾವೂದಸಾಬರ ಭುಜ ಹಿಡಿದುಕೊಂಡು ಮಸೀದಿಗೆ ಹೊರಟರು.

ಎಲ್ಲವೂ ಒಳ್ಳೆಯದಾಯಿತೆಂದು ನಾವು ಉಸಿರು ಬಿಟ್ಟೆವು. ಶಮೀಮಾಬಿಯ ಮುಖವೂ ಸಡಿಲಾಗಿತ್ತು. ಬಗ್ಗಿ ಜಮಖಾನೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತ, "ನಮ್ಮ ಪಡಸಾಲಿಗೆ ಅಗದಿ ಒಪ್ಪತೈತಿ. ಇದನ್ನ ರೂಬಿನಾನ ಸಂಗಾಟ ಕಳಸಿಬಿಡ್ರಿ," ಎಂದರು.

ಒಪ್ಪಿಗೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಿಯಾರು? ಪರದೆಯ ಹಿಂದೆ ರೂಬಿನಾಳ ಬಳೆ ಸದ್ದಾಯಿತು. ಮರಿಯಮಬಿ 'ಹೂಂ' ಅಂದರೆ ಮುಗಿಯುತ್ತಿತ್ತು. ಆದರೆ ಅವರ ಬಾಯಿಗೆ ಬಹಳ ವರ್ಷಗಳ ಅಭ್ಯಾಸ.

"ಇದು ನೀಲಕ್ಕನ ಮನೀ ನೋಡಿ ನೇಯ್ದದ್ದರಿ. ನಿಮಗ ಬೇಕಾದ್ರ ನಿಮ್ಮ ಮನೀ ನೋಡಬೇಕು. ಮನೀ ನೋಡದ ನಾ ಜಮಖಾನಿ ಕೊಡಂಗಿಲ್ಲ."

ಶಮೀಮಾಬಿ ಜಮಖಾನೆಯ ಅಂಚನ್ನು ಕೈಬಿಟ್ಟರು.

"ಮಂದೀ ಜಮಖಾನಿ ಮ್ಯಾಲೆ ನಮ್ಮನ್ನ ಕೂಡ್ಸೀರಿ," ಎಂದರು ಶಮೀಮಾಬಿ ನಿಧಾನವಾಗಿ. "ಈಗ ನಮ್ಮ ಮನೀ ಪರೀಕ್ಷಾ ಮಾಡಾಕ ಬರ್ತೀರೇನು? ಆತು. ಏನಂತ ಆಮ್ಯಾಲೆ ಹೇಳಿ ಕಳಸ್ತೀವಿ."

ಅಜ್ಜನವರು ಮಸೀದಿಯಿಂದ ಬರುವಷ್ಟರಲ್ಲಿ ಆಟೋ ಬಾಗಿಲಲ್ಲಿ ನಿಂತಿತ್ತು.

ಅವರು ಹೋದ ಮೇಲೆ ರೂಬಿನಾ ಹೊರಗೆ ಬಂದಳು. "ಅಮ್ಮೀ, ಒಂದ ದಿನ ಸುಮ್ನಿರಾಕ ಆಗ್ಲಿಲ್ಲೇನು ನಿನಗ?"

"ನೀಲಕ್ಕ ಎದುರಿಗೇ ಕುಂತಾಳ. ಆಕೀ ಜಮಖಾನಿ ನಾ ಹೆಂಗ ಕೊಡ್ಲೇ?"

"ನನ್ನ ನೆವಾ ಮಾಡಬ್ಯಾಡಬೇ," ಎಂದಳು ನೀಲಕ್ಕ ಜಮಖಾನೆ ಸುತ್ತುತ್ತ. "ಕೇಳಿದ್ರ ಸಂತೋಷಲೇ ಬಿಟ್ಟ ಹೋಗ್ತಿದ್ದೆ. ಅದ್ಯಾವ ಹಟ ನಿಂದು!"

ಕುಂದಗೋಳದಿಂದ ಏನೂ ಸುದ್ದಿ ಬರಲಿಲ್ಲ. ರೂಬಿನಾ ಬುತ್ತಿ ಕಟ್ಟಿಕೊಂಡು ದವಾಖಾನೆಗೆ ಹೋಗುತ್ತಿದ್ದಳು, ಬರುತ್ತಿದ್ದಳು, ತಾಯಿಯೊಡನೆ ಮಾತಿಲ್ಲ. ನಮ್ಮ ಹಿತ್ತಲಿಗೆ ದಿನವೂ ಕೇಳಿಸುತ್ತಿದ್ದ ಪಂಜಾದ ಸದ್ದು ನಿಂತುಹೋಯಿತು. ಒಂದು ಸಂಜೆ ಮರಿಯಮಬಿ ನಮ್ಮಲ್ಲಿಗೆ ಬಂದರು.

"ಸರ, ಅಕ್ಕಾರ, ನಾಳೆ ಕುಂದಗೋಳಕ್ಕ ಹೋಗೂಣು ಬರ್ರಿ."

ಹಿಂದೆಯೇ ದಾವೂದಸಾಬರು ಬಂದರು. "ಕರೀದ ಗಂಡಿನ ಮನಿಗೆ ಹೆಣ್ಣಿನ ತಾಯಿ ಹೋಗ್ತಾಳೇನ್ರಿ ಎಲ್ಲೆರೆ? ನೀವರೆ ಹೇಳ್ರಿ ಇಕೀಗೆ."

"ನಾ ಹೆಣ್ಣಿನ ತಾಯಿ ಅಂತ ಹೊಂಟಿಲ್ಲ," ಎಂದರು ಮರಿಯಮಬಿ. "ಅವರು ಜಮಖಾನಿ ಬೇಕಂದಾರ. ಮನೀ ನೋಡಾಕ ಹೊಂಟೀನಿ."

ಮರುದಿನ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಕುಂದಗೋಳ ಮುಟ್ಟಿದೆವು. ಬಾಗಿಲು ತೆರೆದ ಶಮೀಮಾಬಿ ನಮ್ಮನ್ನು ನೋಡಿ ಬೆರಗಾದರು. ಮರಿಯಮಬಿ ಸಲಾಮು ಮಾಡಿ, "ಇವತ್ತ ನಾನು ಬೀಗ್ತಿ ಅಲ್ರಿ, ಜಮಖಾನಿಯಾಕಿ. ಪಡಸಾಲಿ ತೋರಸ್ರಿ," ಎಂದು ಒಳಗೆ ನಡೆದೇಬಿಟ್ಟರು. ಬಾಗಿಲಿಗೆ ಬಂದ ಜಮಖಾನೆಯವಳನ್ನು ಹೊರಗೆ ನಿಲ್ಲಿಸುವ ಹೆಂಗಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಶಮೀಮಾಬಿ ಹಿಂದೆ ಹಿಂದೆ ಬಂದರು.

ಮರಿಯಮಬಿ ಮೂಲೆಮೂಲೆಯಲ್ಲಿ ಕುಳಿತರು. ನಡುವೆ ಮಲಗಿದರು. ಅಜ್ಜನವರು ಮಂಚದ ಮೇಲಿಂದ ಇದನ್ನೆಲ್ಲ ಖುಷಿಯಿಂದ ನೋಡುತ್ತಿದ್ದರು.

"ಇಲ್ಲೆ ಸಂಜಿ ಬಿಸಲ ಬೀಳತೈತಿ. ಅರಿಶಿಣ ಬಣ್ಣ ಬ್ಯಾಡ."

"ನನಗ ಅರಿಶಿಣಾನಽ ಬೇಕು," ಎಂದರು ಶಮೀಮಾಬಿ.

"ವರ್ಷದಾಗ ಒಣಗಿದ ಲಿಂಬಿಹಣ್ಣ ಆಗತೈತ್ರಿ."

"ಪರದೆ ಹಾಕ್ತೀನಿ."

"ಪರದೆ ಹಾಕಿದ್ರ ಕತ್ತಲಿ. ಕತ್ತಲ್ಯಾಗ ಜಮಖಾನಿ ಯಾರಿಗೆ ಕಾಣಬೇಕು?"

ವಾದ ಬೆಳೆಯಿತು. ಸೋಫಾ ಸರಿಯಿತು, ಕಪಾಟು ಸರಿಯಿತು, ನನ್ನನ್ನೂ ಎರಡು ಸಲ ಸರಿಸಿದರು. ಶಮೀಮಾಬಿಗೆ ಸಿಟ್ಟು ಹೋಗಿ ಹುರುಪು ಬಂದಿತ್ತು. ಅಜ್ಜನವರು ಎಲ್ಲಿ ಕೂಡುತ್ತಾರೆ, ಅಕೀಲ್ ಎಲ್ಲಿ ಉಣ್ಣುತ್ತಾನೆ, ಬಂದವರು ಚಪ್ಪಲಿ ಎಲ್ಲಿ ಬಿಡುತ್ತಾರೆ ಎಂದೆಲ್ಲ ಹೇಳಿದರು. ಆಗ ಮರಿಯಮಬಿ ಕೇಳಿದರು:

"ನೀವು ಎಲ್ಲೆ ಕುಂದರ್ತೀರಿ?"

"ನಾನೇನು? ನನಗ ಕುಂದರಾಕ ಎಲ್ಲಿ ಬಿಡ್ತಾರ್ರಿ! ಕುಂತೆ ಅನ್ನೂದ್ರಾಗ ಮಾವಗ ಚಹಾ ನೆನಪಾಗತೈತಿ, ಮಗಗ ಚಾರ್ಜರ್ ಕಾಣಂಗಿಲ್ಲ."

ಅಜ್ಜನವರು ಕೆಮ್ಮಿದರು.

"ಹಂಗಾದ್ರ ಪಡಸಾಲಿದು ಆಮ್ಯಾಲೆ," ಎಂದು ಮರಿಯಮಬಿ ಎದ್ದು ಹಿತ್ತಲ ಬಾಗಿಲು ದಾಟಿ, ಅದನ್ನೊಮ್ಮೆ ಹಾಕಿ ತೆಗೆದು, ಅಲ್ಲಿಯ ತಂಪಾದ ಸಣ್ಣ ಕಟ್ಟೆಯನ್ನು ತೋರಿಸಿದರು. "ಮೊದಲ ಇಲ್ಲಿಗೆ ಒಂದು ನೇಯ್ತೀನಿ. ಅಗದಿ ಸಣ್ಣದು, ಅತ್ತಿ ಸೊಸಿ ಇಬ್ಬರಿಗಷ್ಟ. ಪಡಸಾಲ್ಯಾಗ ಯಾರ ಕರದರೂ ಇಲ್ಲಿಗೆ ಕೇಳಂಗಿಲ್ಲ. ನಾ ಬಾಗಲಾ ಹಾಕಿ ನೋಡೀನಿ."

ಶಮೀಮಾಬಿ ಆ ಕಟ್ಟೆಯನ್ನೂ ಮರಿಯಮಬಿಯನ್ನೂ ನೋಡಿದರು. ನಮ್ಮೆದುರಿಗೆ ಅವರು ಮೊದಲ ಸಲ ನಕ್ಕರು.

"ನೇಯಾಕ ಎಷ್ಟ ದಿನ ಹಿಡೀತೈತಿ?"

"ಸಾವಕಾಶ ಆಗತೈತ್ರಿ."

"ಹಂಗಾದ್ರ ಸೊಸಿ ಮೊದಲ ಬರ್ಲಿ. ಜಮಖಾನಿ ಬೇಕಾದಾಗ ಬರ್ಲಿ," ಎಂದು, "ಏ ಅಕೀಲ್, ಅಂಗಡಿ ಮುಚ್ಚಿ ಬಾ. ಬೀಗ್ತಿ ಬಂದಾರ," ಎಂದು ಫೋನಿನಲ್ಲಿ ಕೂಗಿದರು.

ಮದುವೆಯಾಗಿ ಈಗ ಎಂಟು ತಿಂಗಳು. ರೂಬಿನಾ ಕುಂದಗೋಳದ ಒಂದು ದವಾಖಾನೆಯಲ್ಲಿ ಕೆಲಸ ಹಿಡಿದಿದ್ದಾಳೆ. ಆ ಸಣ್ಣ ಜಮಖಾನೆ ಮಾತ್ರ ಇನ್ನೂ ನವಲಗುಂದದ ಮಗ್ಗದ ಮೇಲೆಯೇ ಇದೆ. ದಿನವೂ ಮಧ್ಯಾಹ್ನ ಬೀಗಿತ್ತಿಯರಿಬ್ಬರೂ ವಿಡಿಯೋ ಫೋನಿನಲ್ಲಿ ಕೂಡುತ್ತಾರೆ. ಫೋನನ್ನು ಮಗ್ಗದ ಕಂಬಕ್ಕೆ ಆನಿಸಿ, ಅದರ ಮುಂದೆ ಎರಡು ಕೈಯಲ್ಲಿ ಎರಡು ಹಸಿರು ನೂಲಿನ ಲಡಿ ಹಿಡಿದು ದಾವೂದಸಾಬರು ನಿಂತಿರುತ್ತಾರೆ. ಇದಲ್ಲ ಅದು, ಅದಲ್ಲ ಇದು ಎಂದು ಶಮೀಮಾಬಿ ಆ ಕಡೆಯಿಂದ ಹೇಳುತ್ತಿರುತ್ತಾರೆ. ಮೊನ್ನೆ ನಾನು ಹೋದಾಗ ಮರಿಯಮಬಿ ಪಂಜಾವನ್ನು ಬದಿಗಿಟ್ಟು, ವಾರವೆಲ್ಲ ನೇಯ್ದದ್ದನ್ನು ಎಳೆ ಎಳೆಯಾಗಿ ಬಿಚ್ಚುತ್ತಿದ್ದರು. ಗಿರಾಕಿಯ ಮಾತಿಗೆ ಅವರು ನೇಯ್ಗೆ ಬಿಚ್ಚಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಮುಗಿಸಿಬಿಟ್ರ," ಎಂದರು ನನಗೆ ಮಾತ್ರ ಕೇಳುವಂತೆ, "ದಿನಾ ಫೋನ ಯಾಕ ಮಾಡ್ತಾರ್ರಿ ಸರ?" ಆಮೇಲೆ ಫೋನಿನ ಕಡೆ ತಿರುಗಿ ದನಿ ಏರಿಸಿದರು: "ಹಾಂ, ಹೇಳ್ರಿ ಆಪಾ, ಯಾವ ಹಸಿರು ಅಂದ್ರಿ?"